ನರಗುಂದದ ಸಕ್ಕರೆ

"ಮ್ಯಾಟ್ರಿಕ್‌ದಾಗ ಮೊದಲನೇ ನಂಬರ ಬಂದ ಹುಡುಗನ ಮನಿ ಇದೇ ಏನ್ರಿ?"

ಕೇಳಿದವನು ಬಾಗಿಲು ತುಂಬ ನಿಂತಿದ್ದ. ತಲೆಗೆ ಜರಿ ರುಮಾಲು, ಮೈಗೆ ರೇಷ್ಮೆ ಜುಬ್ಬಾ, ಬಾಯಲ್ಲಿ ಎಲೆಯಡಿಕೆ. ಅವನ ಹಿಂದೆ ಒಬ್ಬ ಆಳು ಬಾಳೆಹಣ್ಣಿನ ಬುಟ್ಟಿ ಹೊತ್ತು ಬೆವರುತ್ತಿದ್ದ. ನೇಯುವ ಮೊದಲು ಗಂಜಿ ಹಿಡಿಸಲು ಓಣಿಯುದ್ದಕ್ಕೂ ನೂಲಿನ ಎಳೆ ಬಿಗಿದು ಹಾಸು ಕಟ್ಟಿದ್ದರಿಂದ ಮೋಟಾರು ಒಳಗೆ ಬಂದಿರಲಿಲ್ಲ. ಗಜೇಂದ್ರಗಡದ ನೇಕಾರ ಓಣಿಯಲ್ಲಿ ಹಾಸು ಕಟ್ಟಿದಾಗ ಅದನ್ನು ದಾಟಿ ಹೋಗುವ ಹಕ್ಕು ಯಾವ ದೊಡ್ಡ ಮನುಷ್ಯನಿಗೂ ಇಲ್ಲ. ಹೀಗಾಗಿ ಬಂದವರು ಸುತ್ತು ಹಾಕಿ, ಚರಂಡಿ ಜಿಗಿದು, ದಾರಿಯಲ್ಲಿ ಕಂಡವರನ್ನು ಕೇಳುತ್ತ ಈ ಬಾಗಿಲು ಮುಟ್ಟಿದ್ದರು.

ದ್ರಾಕ್ಷಾಯಣಿ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಸೀರೆಯ ಸೆರಗು ನೇಯುತ್ತಿದ್ದಳು. ತಲೆಗೂದಲ ತುಂಬ ಹತ್ತಿಯ ದೂಳು. ಅವಳ ಅಪ್ಪ ಮುತ್ತಪ್ಪ ಹಿತ್ತಲಿನಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, "ಹೌದ್ರಿ, ಇದೇ ಮನಿ. ಬರ್ರಿ, ಕುಂದರ್ರಿ" ಎಂದು ಕಂಬಳಿ ಹಾಸಿದ.

"ನಾವು ನರಗುಂದದವರು. ನನ್ನ ಹೆಸರು ಹನಮಂತಪ್ಪ. ಹತ್ತಿ, ಅಳ್ಳಿ ವ್ಯಾಪಾರ. ನಿಮ್ಮ ಪೈಕಿ ಮಂದೀನ" ಎಂದು ಬಂದವನು ಕಾಲು ಚಾಚಿ ಕೂತ. "ನನಗ ಒಬ್ಬಾಕಿ ಮಗಳು ಅದಾಳ, ಸಕ್ಕೂಬಾಯಿ. ನಿಮ್ಮ ಹುಡುಗನ್ನ ಧಾರವಾಡಕ್ಕ ಕಳಸೂದು, ಕಾಲೇಜ ಓದಸೂದು, ಅಂಗಿ, ಬೂಟು, ಊಟ, ಎಲ್ಲಾ ನಂದು. ಕಲತು ಹೊರಗ ಬಿದ್ದಮ್ಯಾಲ ಅಂವ ನಮ್ಮ ಅಳಿಯ. ಎಲ್ಲೆದಾನ ಹುಡುಗ? ಕರೀರಿ, ನೋಡೂಣು."

ಮುತ್ತಪ್ಪನಿಗೆ ತಲೆ ಬುಡ ತಿಳಿಯಲಿಲ್ಲ. ಮಗ್ಗದ ಕಡೆ ಕೈ ತೋರಿಸಿ, "ಹುಡುಗ ಅಲ್ರಿ, ಹುಡುಗಿ. ಅಲ್ಲೇ ಕುಂತಾಳ" ಅಂದ.

ಹನಮಂತಪ್ಪನ ದವಡೆ ನಿಂತಿತು. "ಹೆಣ್ಣಾ?" ಎಂದವನೇ ಹೊಟ್ಟೆ ಕುಲುಕಿಸಿ ನಗತೊಡಗಿದ. "ಅಯ್ಯೋ ಶಿವನ! ಹೆಣ್ಣ ಹುಡುಗಿ ಮೊದಲನೇ ನಂಬರ ಬಂದು ಏನ ಮಾಡತೈತ್ರಿ?"

ನಗುವ ಭರಕ್ಕೆ ಎಲೆಯಡಿಕೆಯ ಕೆಂಪು ಹನಿಗಳು ಸಿಡಿದು ಮಗ್ಗದ ಮೇಲಿನ ಎಳೆಗಳಿಗೆ ತಾಗಿದವು. ಥೂ! ದ್ರಾಕ್ಷಾಯಣಿ ಲಾಳಿ ಕೆಳಗಿಟ್ಟಳು. ಉಟ್ಟ ಸೆರಗಿನ ತುದಿಯಿಂದ ನೂಲು ಒರೆಸುತ್ತ, ತಲೆ ಎತ್ತದೆ ಅಂದಳು:

"ಏನರೆ ಮಾಡ್ಕೋತೀನ್ರಿ, ನಿಮಗ್ಯಾಕ ಚಿಂತಿ? ನಿಮಗ ಗಂಡ ಹುಡುಗ ಬೇಕಲಾ? ಎರಡನೇ ನಂಬರ ಇದೇ ಓಣ್ಯಾಗ ಐತಿ, ಫಕೀರವ್ವನ ಮನ್ಯಾಗ. ಗವಿಸಿದ್ದಪ್ಪ ಅಂತ ಹೆಸರು. ಹಲ್ಲು ಪೂರಾ ಅದಾವ. ಬಾಯಿ ತೆರಿಸಿ ನೋಡಿ ತಗೋರಿ."

"ದ್ರಾಕ್ಷಾಯಣೀ!" ಎಂದು ಮುತ್ತಪ್ಪ ಗದರಿದ.

ಹನಮಂತಪ್ಪನಿಗೆ ಅದೇನೂ ತಾಗಲಿಲ್ಲ. "ಎರಡನೇ ನಂಬರಾದ್ರೂ ನಡೀತೈತಿ" ಎಂದು ಎದ್ದ. ಆಳು ಕೆಳಗಿಟ್ಟಿದ್ದ ಬುಟ್ಟಿಯನ್ನು ಮತ್ತೆ ತಲೆಗೇರಿಸಿದ. ಮನೆಗೆ ತಂದ ಹಣ್ಣನ್ನು ವಾಪಸು ಹೊತ್ತುಕೊಂಡು ಹೋಗುವ ಮಂದಿಯನ್ನು ದ್ರಾಕ್ಷಾಯಣಿ ಅಂದೇ ಮೊದಲು ಕಂಡದ್ದು.

ಆ ಊರ ಹೈಸ್ಕೂಲಿನ ಹೆಸರು ರೋಣ ತಾಲೂಕಿನ ತುಂಬ ದೊಡ್ಡದು. ರಾಜೂರ, ಇಟಗಿ, ಬೆಳವಣಕಿಯಿಂದ ಬುತ್ತಿ ಕಟ್ಟಿಕೊಂಡು ಹುಡುಗರು ಬಂದು ಖೋಲಿ ಹಿಡಿದು ಓದುತ್ತಿದ್ದರು. ಅಲ್ಲಿ ಪ್ರತಿ ಪರೀಕ್ಷೆಯಾದ ಮೇಲೆ ಹೆಡ್‌ಮಾಸ್ತರರು ಮಾರ್ಕು ಓದುವರು, ಓದಿದಂತೆ ಮಕ್ಕಳು ಗಂಟುಮೂಟೆ ಕಟ್ಟಿಕೊಂಡು ಜಾಗ ಬದಲಿಸುವರು. ಮೊದಲ ನಂಬರು ಮೊದಲ ಬೆಂಚಿನ ಬಲತುದಿ. ಕಡೆಯ ನಂಬರು ಬಾಗಿಲ ಬಳಿ, ಚಪ್ಪಲಿಗಳ ಪಕ್ಕ. ಬೆಂಚು ಇಳಿದ ಹುಡುಗನಿಗೆ ಮನೆಯಲ್ಲಿ ಪೆಟ್ಟು, ಸಾಲೆಯಲ್ಲಿ ನಗೆ.

ಅಲ್ಲಿ ನಡೆಯದ ಹೊಲಸಿಲ್ಲ. ವಾಚನಾಲಯದಲ್ಲಿದ್ದ ಒಂದೇ ಒಂದು ಬೀಜಗಣಿತದ ಗೈಡನ್ನು ಒಬ್ಬ ಒಯ್ದು ದನದ ಮನೆಯ ಮೇವಿನಲ್ಲಿ ಹುಗಿದಿಟ್ಟಿದ್ದ. ತನಗೆ ಬೇಕಂತಲ್ಲ, ಇನ್ನೊಬ್ಬನಿಗೆ ಸಿಗಬಾರದಂತ. ಒಬ್ಬ ಪಕ್ಕದವನ ದೌತಿಯ ಮಸಿಗೆ ನೀರು ಬೆರೆಸಿದ. ಇನ್ನೊಬ್ಬ ಇಟಗಿ ಭೀಮವ್ವನ ಗುಡಿಗೆ ನಡೆದು ಹೋಗಿ, ತಾನು ಪಾಸಾಗಲಿ ಅಂತಲ್ಲ, ಮುಂದಿನ ಬೆಂಚಿನವನಿಗೆ ಜ್ವರ ಬರಲಿ ಅಂತ ಹರಕೆ ಹೊತ್ತು ಬಂದ. ಭೀಮವ್ವ ಕಿವಿಗೆ ಹಾಕಿಕೊಳ್ಳಲಿಲ್ಲ, ಪುಣ್ಯಾತ್ಗಿತ್ತಿ. ಇಷ್ಟೆಲ್ಲ ಮಾಡಿಯೂ ಎಲ್ಲರೂ ಪರೀಕ್ಷೆಯ ಮುಂಜಾನೆ, "ನಾ ಏನೂ ಓದಿಲ್ಲೋ ಮಾರಾಯಾ" ಎಂದು ಎದೆ ಬಡಿದುಕೊಳ್ಳುವರು. ಆ ಸುಳ್ಳು ಕೇಳಿದರೆ ದ್ರಾಕ್ಷಾಯಣಿಗೆ ಉಂಡ ರೊಟ್ಟಿ ಹೊರಗೆ ಬಂದಂತಾಗುತ್ತಿತ್ತು.

ಇನ್ನು ಜೂನ್ ತಿಂಗಳು ಬಂತೆಂದರೆ ಮಾವಂದಿರ ಹಂಗಾಮು. ಹೆಣ್ಣು ಹೆತ್ತ ದುಡ್ಡಿನವರು ರೋಣದಿಂದ, ನರಗುಂದದಿಂದ ಬಂದು ಮುಂದಿನ ಬೆಂಚಿನ ಬಡ ಹುಡುಗರನ್ನು ಆರಿಸಿ, ಕಾಲೇಜಿಗೆ ಹಾಕಿ, ಅಳಿಯನನ್ನಾಗಿ ಮಾಡಿಕೊಳ್ಳುವರು. ಹೆಡ್‌ಮಾಸ್ತರರು ನಡುವೆ ನಿಂತು ಕುದುರಿಸುವರು. ಆ ಮುಂದಿನ ಬೆಂಚಿನಲ್ಲಿ ಒಂದು ಹುಡುಗಿ ಕೂತರೆ ಏನು ಮಾಡಬೇಕೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮೂರು ವರ್ಷ ಆ ಬೆಂಚಿನ ಬಲತುದಿಗಾಗಿ ಅವಳಿಗೂ ಗವಿಸಿದ್ದಪ್ಪನಿಗೂ ಜಗಳ. ಒಮ್ಮೆ ಅವಳು, ಒಮ್ಮೆ ಅವನು. ಅವನು ಗೆದ್ದಾಗ ಮಾತಾಡುತ್ತಿರಲಿಲ್ಲ. ಪುಸ್ತಕ ಎದೆಗವಚಿಕೊಂಡು ಬಂದು ಅವಳೆದುರು ನಿಂತು ಒಂದೇ ಒಂದು ಹುಬ್ಬನ್ನು ಮೇಲೇರಿಸುವನು. "ಆಕಡೆ ಸರಿ, ತಾಯೀ" ಎನ್ನುತ್ತಿತ್ತು ಆ ಹುಬ್ಬು. ಅವಳಿಗೆ ಅದನ್ನು ಕಿತ್ತು ಕೈಗೆ ಕೊಡಬೇಕೆನಿಸುತ್ತಿತ್ತು. ಮನೆಗೆ ಬಂದು ರೊಟ್ಟಿ ತಟ್ಟುವಾಗಲೂ ಆ ಹುಬ್ಬೇ ಕಣ್ಣ ಮುಂದೆ.

ಆ ಬೆಂಚಿನ ಮೇಲೆ ಹೊಲಸು ಮಾಡದವನೆಂದರೆ ಅವನೊಬ್ಬನೇ. ಒಂದು ಪರೀಕ್ಷೆಯಲ್ಲಿ ಅವಳ ಟಾಕಿನ ನಿಬ್ಬು ಮುರಿದಾಗ, ಅವನು ತಲೆಯೆತ್ತದೆ ತನ್ನ ಹೆಚ್ಚಿನ ನಿಬ್ಬನ್ನು ಬೆಂಚಿನ ಮೇಲೆ ಸರಿಸಿದ್ದ. ಆ ಸಲ ಅವಳೇ ಮೊದಲು ಬಂದಳು. ಹೊರಗೆ ಬಂದು ಜಗಳ ತೆಗೆದಳು.

"ಉಪಕಾರ ಮಾಡಿ ಗೆಲ್ಲಿಸಿದಿಯಾ ನನ್ನ?"

"ನಿಬ್ಬ ಕೊಟ್ಟೀನಿ. ಉತ್ತರ ಕೊಟ್ಟಿಲ್ಲ."

"ನಿನ್ನ ನಿಬ್ಬ ತಗೋ. ಹೇಸಿಗಿ."

"ಬರದದ್ದೆಲ್ಲಾ ಅದರಾಗ ಬರದು, ಈಗ ಹೇಸಿಗಿ ಅಂತಿ" ಎಂದು ಅವನು ನಕ್ಕು ನಿಬ್ಬನ್ನು ಕಿಸೆಗೆ ಹಾಕಿಕೊಂಡು ಹೋದ. ಮೈಗೆ ಗಂಜಿಯ ಹುಳಿ ವಾಸನೆ. ಅವಳ ಮೈಗೂ ಅದೇ ವಾಸನೆ, ಆದರೆ ಅವಳಿಗೆ ತನ್ನದು ತಿಳಿಯುತ್ತಿರಲಿಲ್ಲ, ಅವನದು ಮಾತ್ರ ದೂರದಿಂದಲೇ ತಿಳಿಯುತ್ತಿತ್ತು.

ಈಗ, ಬುಟ್ಟಿ ಫಕೀರವ್ವನ ಮನೆಗೆ ಹೋಗಿ ಸ್ವಲ್ಪ ಹೊತ್ತಾಗಿತ್ತು. ದ್ರಾಕ್ಷಾಯಣಿಗೆ ಮಗ್ಗದ ಮೇಲೆ ಕೂರಲಾಗಲಿಲ್ಲ. ಹೋದ ವಾರ ತಂದಿದ್ದ ಜರಡಿ ವಾಪಸು ಕೊಡುವ ನೆಪ ಮಾಡಿ ಎದ್ದಳು. ಅವಳ ಅವ್ವ ಶಂಕ್ರವ್ವ, "ಇವತ್ತ ನೆನಪಾತೇನ ಜರಡಿ?" ಅಂದದ್ದು ಬೆನ್ನಿಗೆ ಕೇಳಿಸಿತು.

ಫಕೀರವ್ವ ಗಂಡ ಸತ್ತ ಮೇಲೆ ಒಂದೇ ಮಗ್ಗದಲ್ಲಿ ಮಗನನ್ನು ಬೆಳೆಸಿದವಳು. ಅವಳ ಪಡಸಾಲೆಯಲ್ಲಿ ಈಗ ಹನಮಂತಪ್ಪ, ಓಡಿ ಬಂದ ಹೆಡ್‌ಮಾಸ್ತರರು. ನಡುವೆ ಗವಿಸಿದ್ದಪ್ಪ. ಬಾಗಿಲ ಬಳಿ ಜರಡಿ ಹಿಡಿದು ದ್ರಾಕ್ಷಾಯಣಿ ನಿಂತಳು.

"ನಡದು ತೋರಸಪಾ" ಅಂದ ಹನಮಂತಪ್ಪ. ಗವಿಸಿದ್ದಪ್ಪ ಗೋಡೆಯಿಂದ ಗೋಡೆಗೆ ನಡೆದ. "ಇಂಗ್ರೇಜಿ ಓದು." ಓದಿದ. "ಹತ್ತಿ ಅಂಡಿಗಿ ತೂಕದ ಲೆಕ್ಕ ಮಾಡು." ಮಾಡಿದ.

"ಭಾಳ ಗರೀಬ ಹುಡುಗ್ರಿ" ಎಂದು ಹೆಡ್‌ಮಾಸ್ತರರು ಅವನ ಬೆನ್ನು ತಟ್ಟಿದರು. "ಎದುರಮಾತು ಆಡಾಂವ ಅಲ್ಲ. ಹೇಳಿದಲ್ಲೆ ಕುಂದರ್ತಾನ, ಹಾಕಿದ್ದ ಉಣ್ತಾನ."

"ಬಾಯಿ ತೆಗಿ ನೋಡೂಣು. ನಮ್ಮ ಮನ್ಯಾಗ ಎಲ್ಲಾರ ಹಲ್ಲೂ ಗಟ್ಟಿ."

ತೆಗೆಯಬೇಡ, ಎಂದು ದ್ರಾಕ್ಷಾಯಣಿ ಒಳಗೇ ಬೇಡಿಕೊಂಡಳು. ಅವನು ತೆಗೆದ. ಅಗಲವಾಗಿ, ವಿಧೇಯನಾಗಿ. ಹನಮಂತಪ್ಪ ಬಗ್ಗಿ, ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡತೊಡಗಿದ. ಎತ್ತಿನ ಸಂತೆಯಲ್ಲಿ ಹೋರಿಯ ಬಾಯಿಗೂ ಇದಕ್ಕಿಂತ ಮರ್ಯಾದೆ ಇರುತ್ತದೆ. ಆಗಲೇ ಗವಿಸಿದ್ದಪ್ಪನ ಕಣ್ಣು ಬಾಗಿಲಿಗೆ ಬಂತು. ತೆರೆದ ಬಾಯಿ ತೆರೆದಂತೆಯೇ ಇರಿಸಿಕೊಂಡು, ಅವಳನ್ನೇ ನೋಡುತ್ತ, ಆ ಒಂದು ಹುಬ್ಬನ್ನು ನಿಧಾನವಾಗಿ ಮೇಲೇರಿಸಿದ.

ಅವಳಿಗೆ ಫಕ್ಕನೆ ನಗು ಬಂತು. ನಗು ಬಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಮನುಷ್ಯನನ್ನು ಮಾರುವಲ್ಲಿ ನಗುವುದೆಂದರೇನು? ಅದೂ ತಾನೇ ದಾರಿ ತೋರಿಸಿ ಕಳಿಸಿದ ಗಿರಾಕಿ! ಜರಡಿಯನ್ನು ಕಟ್ಟೆಯ ಮೇಲೆ ಬಿಸುಟು ಮನೆಗೆ ಬಂದಳು.

ಮರುದಿನ ಹೊತ್ತು ಮೂಡುವ ಮೊದಲೇ ಓಣಿಯಲ್ಲಿ ಹಾಸು ಕಟ್ಟಿದರು. ಗಾಳಿ ಏಳುವುದರೊಳಗೆ ನೂಲಿಗೆ ಗಂಜಿ ಹಿಡಿಸಬೇಕು. ಮುತ್ತಪ್ಪನ ಮನೆಯವರೂ ಫಕೀರವ್ವನ ಮನೆಯವರೂ ಈ ಕೆಲಸ ಯಾವಾಗಲೂ ಕೂಡಿ ಮಾಡುವರು. ಗುಡ್ಡದ ಮೇಲಿನ ಕೋಟೆಯ ಗೋಡೆಗೆ ಆಗಷ್ಟೇ ಬೆಳಕು ಹತ್ತುತ್ತಿತ್ತು. ಹಾಸಿನ ಈ ಬದಿಗೆ ದ್ರಾಕ್ಷಾಯಣಿ, ಆ ಬದಿಗೆ ಗವಿಸಿದ್ದಪ್ಪ, ಇಬ್ಬರ ಕೈಯಲ್ಲೂ ಕುಂಚ. ನಡುವೆ ಒದ್ದೆ ನೂಲಿನ ಎಳೆಗಳು.

"ಹಲ್ಲ ಪೂರಾ ಅದಾವ ಅಂದಿಯಂತ" ಎಂದ ಅವನು, ಕುಂಚ ಎಳೆಯುತ್ತ. "ಯಾವಾಗ ನೋಡಿದ್ದಿ?"

"ಮೂರ ವರ್ಷ ನನ್ನ ನೋಡಿ ಕಿಸ್ಯಾಂವ ನೀನ ಅಲಾ? ಕಾಣದ ಏನ ಮಾಡ್ತಾವ?"

"ನನ್ನ ಮಾರಿದಿ."

"ಮಾರಾಕ ನೀ ಏನ ನನ್ನ ಸ್ವತ್ತೇನು?"

"ಆಗಿದ್ರ ಮಾರ್ತಿದ್ದಿಲ್ಲ ಹಂಗಾರ?"

ಕುಂಚ ಅವಳ ಕೈಯಲ್ಲಿ ನಿಂತಿತು. ಎಳೆಗಳ ಆಚೆ ಅವನ ಮುಖ. ನಗುತ್ತಿರಲಿಲ್ಲ. ಅವಳು ಬಗ್ಗಿ ಗಂಜಿಯ ಬೋಗುಣಿಗೆ ಕುಂಚ ಅದ್ದಿದಳು. ಮೂಗಿನ ತುದಿಗೆ ಗಂಜಿ ಹತ್ತಿತು.

"ಮೂಗಿಗೆ ಹತ್ತೇತಿ" ಅಂದ ಅವನು.

"ಹತ್ತಲಿ."

"ಒರಸಬೇಕಂದ್ರ ಹಾಸು ದಾಟಂಗಿಲ್ಲ."

"ದಾಟಿದ್ರ ಕಾಲ ಮುರೀತೀನಿ. ಕುಂಟ ಅಳಿಯ ಆಗ್ತಿ ನರಗುಂದಕ್ಕ." ಅವಳು ಮೊಣಕೈಯಿಂದ ಮೂಗು ಒರೆಸಿಕೊಂಡಳು. "ಖರೇ ಹೇಳು, ಹೂಂ ಅಂತೀಯೇನು?"

"ಅನ್ನದ ಏನ ಮಾಡ್ಲಿ?" ಅವನ ದನಿ ಇಳಿಯಿತು. "ಅವ್ವಗ ಸಣ್ಣ ಎಳಿ ಕಾಣೂದಿಲ್ಲ ಈಗ. ನನಗ ಓದಬೇಕಾಗೇತಿ ದ್ರಾಕ್ಷಾಯಣಿ. ಹನಮಂತಪ್ಪನ ಹಿಂದ ಹೋದ್ರ ಕಾಲೇಜು. ಇಲ್ಲಂದ್ರ ಈ ಕುಣಿ. ಮೂರನೇ ಹಾದಿ ನಿನಗ ಗೊತ್ತಿದ್ರ ಹೇಳು."

ಅವಳಿಗೆ ಗೊತ್ತಿರಲಿಲ್ಲ. ಅವಳದೇ ಕಾಲೇಜಿನ ಅರ್ಜಿ ದೇವರ ಮಾಡದಲ್ಲಿ ಭಂಡಾರದ ಬಟ್ಟಲ ಕೆಳಗೆ ಬಿದ್ದಿತ್ತು. "ಓದು ಬೇಡ ಅನ್ನೂದಿಲ್ಲವ್ವಾ. ಆದ್ರ ಹೆಣ್ಣ ಮಗಳು ಒಬ್ಬಾಕೀನ ಧಾರವಾಡದಾಗ ಹ್ಯಾಂಗ ಇರ್ತಿ? ಅಲ್ಲೆ ಯಾರದಾರ ನಮಗ?" ಎಂದು ಅಪ್ಪ ಕೇಳಿದ್ದ.

"ನೀ ಒಂದು ಮಾತು ಬ್ಯಾಡನ್ನು" ಎಂದ ಗವಿಸಿದ್ದಪ್ಪ ಸಣ್ಣಗೆ. "ಬಿಟ್ಟ ಬಿಡ್ತೀನಿ."

ಆ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅವಳಿಗೆ ಅವನು ಬೇಕಿದ್ದ. ಹುಬ್ಬು ಸಮೇತ, ಗಂಜಿ ವಾಸನೆ ಸಮೇತ ಬೇಕಿದ್ದ. ಆದರೆ ಬೇಡ ಅಂದರೆ ಅವನ ಓದಿಗೆ ಕಲ್ಲು. ನಾಳೆ ಜೀವಮಾನವಿಡೀ ಆ ಕುಣಿಯಲ್ಲಿ ಕೂತು, ಹೋಗದೆ ಉಳಿದ ಕಾಲೇಜನ್ನು ಅವಳ ಮುಖದಲ್ಲಿ ನೋಡುವನು. ಆ ನೋಟ ಅವಳಿಗೆ ಬೇಡವಾಗಿತ್ತು.

"ಹೋಗು, ಕಲಿ" ಅಂದಳು. "ಮಾವನ ಮನಿ ಬಾಳೆಹಣ್ಣ ತಿನ್ನು. ಥೂ, ಗಂಡಸರು!"

ಅವನು ಕುಂಚ ಗಂಜಿಗೆ ಅದ್ದಿಕೊಂಡ. ಹಾಸು ಮುಗಿಯುವತನಕ ಬಗ್ಗಿದ ತಲೆ ಎತ್ತಲಿಲ್ಲ.

ಅದೇ ಮಧ್ಯಾಹ್ನ ಹೆಡ್‌ಮಾಸ್ತರರು ಮುತ್ತಪ್ಪನ ಮನೆಗೆ ಬಂದರು. ಶಂಕ್ರವ್ವ ಚಹಾ ಕೊಟ್ಟಳು. ಅವರು ಬಶಿಗೆ ಸುರುವಿ ಸದ್ದು ಮಾಡಿ ಕುಡಿದು, ಮೀಸೆ ಒರೆಸಿಕೊಂಡು, "ಮುತ್ತಪ್ಪ, ನಿನ್ನ ದೈವ ತೆರೀತು ನೋಡು" ಎಂದರು. "ಹನಮಂತಪ್ಪನವರಿಗೆ ಒಬ್ಬ ಮಗಾನೂ ಅದಾನ. ಹುಡುಗ ಮ್ಯಾಟ್ರಿಕ್ ಮೂರ ಸಲ ಕುಂತ, ಮೂರೂ ಸಲ ಡುಮ್ಕಿ. ನಿನ್ನೆ ನಿಮ್ಮ ಹುಡುಗೀನ್ನ ನೋಡಿ ಹೋದಾಗಿಂದ ಸಾಹುಕಾರರು ಒಂದ ವಿಚಾರ ಮಾಡ್ಯಾರ. ಇಂಥಾ ಶ್ಯಾಣ್ಯಾ ಹುಡುಗೀನ್ನ ಸೊಸಿ ಮಾಡ್ಕೊಂಡ್ರ, ಹುಟ್ಟೂ ಮಕ್ಕಳರೆ ಶ್ಯಾಣ್ಯಾ ಆಗ್ತಾವ ಅಂತ."

"ಅಕಿನ್ನ ಕಾಲೇಜಿಗೆ ಕಳಸ್ತಾರೇನ್ರಿ?" ಎಂದು ಮುತ್ತಪ್ಪ ಕೇಳಿದ.

"ಕಾಲೇಜ್ಯಾಕ? ಬುದ್ಧಿ ಹೆಂಗೂ ರಕ್ತದಾಗ ಐತೆಲಾ."

ಶಂಕ್ರವ್ವನ ಕಣ್ಣು ಅರಳಿದವು, ದೊಡ್ಡ ಮನೆತನ ಅಂತ. ದ್ರಾಕ್ಷಾಯಣಿ ಹಿತ್ತಲಿಗೆ ಓಡಿ ಬೇವಿನ ಗಿಡದ ಬುಡದಲ್ಲಿ ಖರೇನೇ ವಾಂತಿ ಮಾಡಿದಳು. ಮೂರು ವರ್ಷದಿಂದ ಅವಳ ಬೆನ್ನು ತಟ್ಟಿ, "ಭೇಷ್" ಎಂದ ಮಾಸ್ತರರು ಇವರೇ. ಒಳಗೆ ಅಪ್ಪನ ದನಿ ಕೇಳಿಸಿತು: "ಮಾಸ್ತರ, ಚಹಾ ಆತಲ್ರಿ, ಇನ್ನ ನೀವು ಹೊಂಡ್ರಿ."

ಸೋಮವಾರ ಗವಿಸಿದ್ದಪ್ಪನ ಬಾಯಿಗೆ ಸಕ್ಕರೆ ಹಾಕುವುದೆಂದು ಗೊತ್ತಾಯಿತು. ಆ ಸೀಮೆಯಲ್ಲಿ ಮಾತುಕತೆ ಮುಗಿದ ಮೇಲೆ ಹೆಣ್ಣಿನ ಕಡೆಯವರು ಹುಡುಗನ ಬಾಯಿಗೆ ಸಕ್ಕರೆ ಹಾಕುವರು. ಸಕ್ಕರೆ ನುಂಗಿದನೋ, ಮಾತು ಮುಗಿಯಿತು. ಆಮೇಲೆ ತಿರುಗಿ ಬಿದ್ದವನಿಗೆ ಪೈಕಿಯಲ್ಲಿ ಯಾರೂ ನೀರು ಕೊಡರು.

ಓಣಿಗೆ ಓಣಿಯೇ ಫಕೀರವ್ವನ ಪಡಸಾಲೆಯಲ್ಲಿ ಕೂಡಿತು. ದ್ರಾಕ್ಷಾಯಣಿ ಹೋಗಬಾರದೆಂದು ನಿಶ್ಚಯಿಸಿ, ಎಲ್ಲರಿಗಿಂತ ಮೊದಲು ಹೋಗಿ ಕಂಬದ ಹಿಂದೆ ಕೂತಳು. ಗವಿಸಿದ್ದಪ್ಪ ನರಗುಂದದವರು ತಂದ ಹೊಸ ಕೋಟು ಹಾಕಿಕೊಂಡಿದ್ದ. ಕೋಟು ಭುಜಕ್ಕೆ ದೊಡ್ಡದಾಗಿತ್ತು. ಅವನು ಅವಳ ಕಡೆ ನೋಡಿದ. ಈ ಸಲ ಹುಬ್ಬು ಮೇಲೇರಲಿಲ್ಲ.

"ಒಂದೆರಡ ಮಾತ ಮೊದಲ ಹೇಳಿಬಿಡ್ತೀನಿ, ಆಮ್ಯಾಲ ತಕರಾರ ಬ್ಯಾಡ" ಎಂದು ಹನಮಂತಪ್ಪ ಶುರು ಮಾಡಿದ. "ಹುಡುಗ ಕಲ್ತ ಮ್ಯಾಲ ನರಗುಂದದಾಗ ಇರಬೇಕು. ಮತ್ತ ಈ ಮಗ್ಗ ಕಿತ್ತ ಒಗೀರಿ. ಕುಣಿ ಮುಚ್ಚರಿ. ಮದವಿಗೆ ನಮ್ಮ ಕಡೆ ದೊಡ್ಡ ಮಂದಿ ಬರ್ತಾರ, ಅವರಿಗೆ ಈ ಗಂಜಿ ನಾತ ಬಡೀಬಾರದು."

"ಹೂಂ ರಿ" ಅಂದಳು ಫಕೀರವ್ವ.

"ಮತ್ತ, ಅವ್ವಾರ, ಸಿಟ್ಟಾಗಬ್ಯಾಡ್ರಿ. ನೀವು ಪದೇ ಪದೇ ನರಗುಂದಕ್ಕ ಬರೂದು ಬ್ಯಾಡ. ಬೀಗರ ಮನಿ ಅಂದ್ರ ಒಂದ ರೀತಿ ಐತಿ. ಹಬ್ಬಕ್ಕೊಮ್ಮೆ ಮಗನ್ನ ನಾವ ಕಳಸ್ತೀವಿ."

"ಹೂಂ ರಿ." ಈ ಸಲ ಅವಳ ದನಿ ಅರ್ಧಕ್ಕೇ ನಿಂತಿತು. ಸೆರಗಿನಿಂದ ಬಾಯಿ ಒತ್ತಿಕೊಂಡಳು. ಮಗನಿಗಾಗಿ ಇದನ್ನೂ ನುಂಗಲು ಆ ಜೀವ ತಯಾರಾಗಿತ್ತು. ಗವಿಸಿದ್ದಪ್ಪ ಎದ್ದು ನಿಲ್ಲಲು ಹೋದ. ಹೆಡ್‌ಮಾಸ್ತರರು ಅವನ ತೋಳು ಹಿಡಿದು ಕೂರಿಸಿ, "ಲಗೂ ಸಕ್ರಿ ಹಾಕ್ರಿ, ಮುಹೂರ್ತ ಮೀರತೈತಿ" ಎಂದರು. ಹನಮಂತಪ್ಪ ತಟ್ಟೆಯಿಂದ ಸಕ್ಕರೆ ತೆಗೆದ. ಎಲೆಯಡಿಕೆಯಿಂದ ಕೆಂಪಾದ ಆ ಬೆರಳುಗಳು ಗವಿಸಿದ್ದಪ್ಪನ ತುಟಿಗಳ ನಡುವೆ ಹೋಗಿ ಸಕ್ಕರೆ ಸುರಿದು ಹೊರಗೆ ಬಂದವು.

"ಬ್ಯಾಡ!"

ಯಾರು ಕೂಗಿದರೆಂದು ದ್ರಾಕ್ಷಾಯಣಿಯೇ ಒಂದು ಕ್ಷಣ ಸುತ್ತ ನೋಡಿದಳು. ಕೂಗಿದವಳು ತಾನೇ. ಕಂಬದ ಹಿಂದಿನಿಂದ ಎದ್ದು ನಿಂತಿದ್ದಳು. ಇಡೀ ಪಡಸಾಲೆ ಅವಳ ಕಡೆ ತಿರುಗಿತು.

"ಏನಂದಿ?" ಎಂದರು ಹೆಡ್‌ಮಾಸ್ತರರು.

"ಬ್ಯಾಡಂದ್ನಿ. ನುಂಗಬ್ಯಾಡೋ ಗವಿಸಿದ್ದ."

"ಬ್ಯಾಡನ್ನಾಕ ನೀ ಯಾರು? ನಿನಗೇನ ಸಂಬಂಧ?"

ಶಂಕ್ರವ್ವ ಮಗಳ ಸೆರಗು ಜಗ್ಗುತ್ತಿದ್ದಳು. ನಾಲ್ಕು ಮಂದಿಯ ಮುಂದೆ ಹೆಣ್ಣುಮಗಳು ಆಡಬಾರದ ಮಾತು ತನ್ನ ಬಾಯಲ್ಲಿದೆಯೆಂದು ದ್ರಾಕ್ಷಾಯಣಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಇಷ್ಟು ದಿನ ನಾಲ್ಕು ಮಂದಿ ಆಡಿದ ಮಾತುಗಳಿಗಿಂತ ಅದು ಹೊಲಸಾಗಿರಲಿಲ್ಲ.

"ಅಂವ ನನಗ ಬೇಕ್ರಿ" ಅಂದಳು. "ಅಷ್ಟ ಸಂಬಂಧ."

ಗವಿಸಿದ್ದಪ್ಪ ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು ಅವಳನ್ನೇ ನೋಡುತ್ತಿದ್ದ. ಮಾತಾಡುವಂತಿರಲಿಲ್ಲ, ಮಾತಾಡಿದರೆ ಸಕ್ಕರೆ ಗಂಟಲಿಗೆ ಇಳಿಯುತ್ತಿತ್ತು. ಅವನು ಎದ್ದ. ಕೋಟು ಕಳಚಿ ಹನಮಂತಪ್ಪನ ತೊಡೆಯ ಮೇಲೆ ಇಟ್ಟ. ಬಾಗಿಲಿಗೆ ಹೋಗಿ, ಹೊಸ್ತಿಲ ಆಚೆ ಬಗ್ಗಿ, ಜೀವಮಾನದಲ್ಲಿ ಯಾರಿಗೂ ಎದುರಾಡದ ಆ ಗರೀಬ ಹುಡುಗ, ಓಣಿಗೆಲ್ಲ ಕೇಳುವಂತೆ ಉಗುಳಿದ.

"ಥೂ!"

ದ್ರಾಕ್ಷಾಯಣಿಗೆ ಆ ಶಬ್ದ ಅಷ್ಟು ಚೆಂದ ಕೇಳಿಸಬಹುದೆಂದು ಅಂದಿನತನಕ ಗೊತ್ತಿರಲಿಲ್ಲ.

ಆಮೇಲೆ ನಡೆದದ್ದು ಹೇಳತೀರದು. ಹನಮಂತಪ್ಪ, "ನನ್ನ ಸಕ್ರಿ ಉಗುಳಿದ್ಯಾ!" ಎಂದು ಬುಸುಗುಟ್ಟಿದ. "ಸಕ್ರಿ ಅಲ್ಲ, ನಿನ್ನ ಭವಿಷ್ಯ ಉಗುಳಿದಿ ಮಗನ" ಎಂದರು ಹೆಡ್‌ಮಾಸ್ತರರು. ಬಾಳೆಹಣ್ಣಿನ ಬುಟ್ಟಿ ಮತ್ತೆ ಆಳಿನ ತಲೆಗೇರಿತು. ಪಾಪ, ಆ ಹಣ್ಣುಗಳು ಯಾರ ಬಾಯಿಗೂ ಬೀಳದೆ ಕಪ್ಪಾಗಿದ್ದವು.

ಮಂದಿ ಚದುರಿದ ಮೇಲೆ ಪಡಸಾಲೆಯಲ್ಲಿ ಉಳಿದವರು ಎರಡು ಮನೆಯವರು. ಫಕೀರವ್ವ ದ್ರಾಕ್ಷಾಯಣಿಯ ಎದುರು ಬಂದು ನಿಂತಳು. ಕಣ್ಣು ಕೆಂಪಾಗಿದ್ದವು.

"ನನ್ನ ಮಗನ ಕಾಲೇಜ ಕಳದೆಲ್ಲವಾ. ನಾ ಬೈಸ್ಕೊಂಡ್ರೂ ಆತು, ಅಂವ ಕಲೀಲಿ ಅಂತಿದ್ನಿ. ಈಗ ಏನ ಕೊಡ್ತಿ ನನಗ?"

ಅದು ಖರೇ ಮಾತು. ದ್ರಾಕ್ಷಾಯಣಿಯ ಕಣ್ಣು ತುಂಬಿ ಬಂತು. ಮುತ್ತಪ್ಪ ಮಗ್ಗದ ಕಟ್ಟಿಗೆಯ ಮೇಲೆ ಕೈಯಾಡಿಸುತ್ತ ಕೂತಿದ್ದ. ಈಗ ಬಾಯಿ ಬಿಟ್ಟ.

"ತಂಗೀ ಫಕೀರವ್ವ, ಧಾರವಾಡದಾಗ ನಮಗ ಯಾರದಾರ ಅಂತ ನಾ ನನ್ನ ಮಗಳಿಗೆ ಕೇಳ್ತಿದ್ನಿ. ಈಗ ಹೊಳೀತು, ನಾವ ಹೋಗಿ ಯಾರರೆ ಆಗಬೇಕು. ಇವರಿಬ್ಬರಿಗೂ ಗುಡ್ಯಾಗ ಅಕ್ಷತಿ ಹಾಕೂಣು. ಈ ಮಗ್ಗ ಬಿಚ್ಚಿ ಗಾಡ್ಯಾಗ ಹೇರಿಕೊಂಡು ನೀ ಇವರ ಜೋಡಿ ಧಾರವಾಡಕ್ಕ ನಡಿ. ಹಿರ್ಯಾಕಿ ಒಬ್ಬಾಕಿ ಇದ್ದಂಗಾತು. ನೂಲು ನಾ ಕಳಸ್ತೀನಿ, ಸೀರಿ ನಾ ಮಾರ್ತೀನಿ." ತಡೆದು, ನಿಟ್ಟುಸಿರು ಬಿಟ್ಟ. "ಆದ್ರ ಒಂದ ಮಗ್ಗ ಒಬ್ಬರನ್ನ ಓದಸತೈತಿ. ಇಬ್ಬರನ್ನ ಅಲ್ಲ. ಒಬ್ಬರು ಕಾಲೇಜಿಗೆ ಹೋದ್ರ ಇನ್ನೊಬ್ಬರು ಕುಣ್ಯಾಗ ಇಳೀಬೇಕು."

ಎಲ್ಲರ ಕಣ್ಣೂ ದ್ರಾಕ್ಷಾಯಣಿಯ ಮೇಲೇ. ಏನು ಅನ್ನಬೇಕೆಂದು ಅವಳಿಗೆ ಗೊತ್ತಿತ್ತು. ಅವ್ವ ಕಣ್ಣಲ್ಲೇ ಹೇಳಿಕೊಡುತ್ತಿದ್ದಳು. "ಅವರ ಹೋಗ್ಲಿ, ನನಗ್ಯಾಕ ಓದು" ಎಂದು ತಲೆ ತಗ್ಗಿಸಿದರೆ ಸಾಕು, ಆಡಿದ ತಪ್ಪೆಲ್ಲ ತೊಳೆದು ಹೋಗಿ ಓಣಿಯಲ್ಲಿ ಬಂಗಾರದಂಥ ಸೊಸೆ ಎನಿಸಿಕೊಳ್ಳಬಹುದು. ಮಾತು ಬಾಯಿಗೆ ಬಂತು. ಅಲ್ಲೇ ತಡೆದಳು. ಪರೀಕ್ಷೆಯ ಮುಂಜಾನೆ "ನಾ ಏನೂ ಓದಿಲ್ಲ" ಅನ್ನುವವರಿಗೂ ತನಗೂ ಏನು ಫರಕು?

"ನಾ ಮೊದಲ ಹೋಗ್ತೀನ್ರಿ" ಅಂದಳು. "ಸುಳ್ಳ ಹೇಳಲಿಕ್ಕೆ ಬರೂದಿಲ್ಲ ನನಗ. ನನಗ ಓದಬೇಕಾಗೇತಿ. ಈ ವರ್ಷ ನಾ ಹೋಗ್ತೀನಿ, ಇಂವ ನೇಯಲಿ. ಮುಂದಿನ ವರ್ಷ ಇಂವ ಹೋಗ್ಲಿ, ನಾ ಕುಣ್ಯಾಗ ಇಳೀತೀನಿ. ಹಿಂಗ ಸರತಿ ಮ್ಯಾಲ ಮುಗಸ್ತೀವಿ. ಎಷ್ಟ ವರ್ಷ ಆದ್ರೂ ಆಗ್ಲಿ."

"ಅಯ್ಯ ನನ್ನವ್ವಾ!" ಎಂದು ಶಂಕ್ರವ್ವ ಹಣೆ ಬಡಿದುಕೊಂಡಳು.

ಗವಿಸಿದ್ದಪ್ಪ ನಗತೊಡಗಿದ. ನಾಲ್ಕು ದಿನದಿಂದ ಒಳಗೆ ಹಿಡಿದಿಟ್ಟದ್ದೆಲ್ಲ ಹೊರಗೆ ಬಂದಂತೆ, ಕಣ್ಣಲ್ಲಿ ನೀರು ಬರುವತನಕ ನಕ್ಕ. "ಅವ್ವಾ, ಹೂಂ ಅನ್ನು" ಎಂದ. "ಇಕಿ ಹಿಂದ ಉಳದು ನಾ ಮುಂದ ಹೋದ್ರ, ದಿನಾ ಮುಂಜಾನೆ ಹೊಟ್ಟಿಕಿಚ್ಚಿನ ಮಾರಿ ನೋಡಬೇಕಾಗತೈತಿ. ಅದರಕಿಂತ ಕುಣಿ ಚಲೋ."

ಫಕೀರವ್ವ ಒಮ್ಮೆ ಮಗನನ್ನು, ಒಮ್ಮೆ ಈ ಹುಡುಗಿಯನ್ನು ನೋಡಿದಳು. "ನರಗುಂದದವರು ಹೋದ್ರು ಅಂತ ಅಳಲೋ, ಇಂಥಾಕಿ ಬಂದ್ಲು ಅಂತ ಅಳಲೋ ತಿಳೀವಲ್ದು" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೋಗು. ಆದ್ರ ಮುಂದಿನ ವರ್ಷ ಮಾತ ತಿರುಗಿಸಿದ್ರ, ಆ ಕಾಲೇಜಿಗೆ ಬಂದು ನಿನ್ನ ಜಡಿ ಹಿಡದು ಎಳಕೊಂಡ ಬರ್ತೀನಿ."

"ಎಳಕೊಂಡ ಬರ್ರಿ ಅತ್ತಿ" ಅಂದಳು ದ್ರಾಕ್ಷಾಯಣಿ. ಅತ್ತೆ ಎಂಬ ಮಾತು ಬಾಯಿಂದ ಬಿದ್ದ ಮೇಲೆ ನಾಚಿಕೆಯಾಗಿ ಹಿತ್ತಲಿಗೆ ನಡೆದಳು.

ಅವನು ಹಿಂದೆಯೇ ಬಂದ. ಗುಡ್ಡದ ಕಡೆಯಿಂದ ಸಂಜೆಯ ಗಾಳಿ ಬೀಸುತ್ತಿತ್ತು. ಅವನ ಗದ್ದಕ್ಕೆ ಇನ್ನೂ ಒಂದೆರಡು ಸಕ್ಕರೆ ಹರಳು ಅಂಟಿದ್ದವು. ಅವಳು ಕೈ ಚಾಚಿ ಹೆಬ್ಬೆರಳಿಂದ ಒರೆಸಿ, ಕೈ ಝಾಡಿಸಿದಳು.

"ಬೇಜಾರಾತೇನು? ಖರೇ ಹೇಳು" ಎಂದಳು.

"ಸ್ವಲ್ಪ ಆತು. ನನಗೂ ಹೋಗಬೇಕಿತ್ತು" ಅಂದ ಅವನು. "ಆದ್ರ ನೀ 'ಅವರ ಹೋಗ್ಲಿ' ಅಂದಿದ್ರ ನಾ ಅಂಜತಿದ್ನಿ. ಈಕಿ ಯಾರೋ ಬ್ಯಾರೆ ಅಂತ."

ಅವಳು ನಕ್ಕಳು. ಅವನು ಇನ್ನೊಂದು ಹೆಜ್ಜೆ ಹತ್ತಿರ ಬಂದ.

"ಒಂದ ಕೇಳ್ಲಿ? ನಿನಗ ಸಾಲಿ ಅಂದ್ರ ಹೇಸಿಗಿ, ಮಾಸ್ತರ ಅಂದ್ರ ಹೇಸಿಗಿ, ಮಂದಿ ಅಂದ್ರ ಹೇಸಿಗಿ. ನಾಳೆ ಧಾರವಾಡಕ್ಕ ಹೋದ್ರ ಅದೂ ಹೇಸಿಗೀನ ಆಗತೈತಿ, ಬರದ ಕೊಡ್ತೀನಿ. ಹಂಗಾರ ನಾ?"

ಅವಳು ಯೋಚಿಸಿದಳು. ಮೆತ್ತಗಿನ ಮಾತುಗಳು ಅವಳಿಗೆ ಬರುತ್ತಿರಲಿಲ್ಲ, ಬಂದರೂ ಸುಳ್ಳೆನಿಸುತ್ತಿದ್ದವು. ಅವನ ಅಂಗಿಯ ಗುಂಡಿ ಹಿಡಿದು, ಗುಂಡಿಗೇ ಹೇಳುವಂತೆ ಹೇಳಿದಳು.

"ನಿನ್ನೊಬ್ಬನ್ನ ಬಿಟ್ಟು."

ಒಳಗಿನಿಂದ ಮುತ್ತಪ್ಪ ಮಗ್ಗದ ಗೂಟ ಸಡಿಲಿಸುವ ಸದ್ದು ಕೇಳಿಸಿತು. "ಬರ್ರೋ ಇಬ್ಬರೂ, ಒಂದ ಕೈ ಹಿಡೀರಿ" ಎಂದು ಅವನು ಕರೆಯುತ್ತಿದ್ದ. ಇಬ್ಬರೂ ಹೂಂ ಅಂದರು, ಆದರೆ ಬಹಳ ಹೊತ್ತಿನತನಕ ಯಾರೂ ಹೋಗಲಿಲ್ಲ.